ಅಟ್ಟದ ಮೇಲೊಂದು ಮಾತುಕತೆ

ಮಿನಸೋಟಾದ ಜನವರಿ. ಹೊರಗೆ ಮೈನಸ್ 20 ಡಿಗ್ರಿ. ಅಟ್ಟಕ್ಕೆ ಹಲಗೆ ಬಡಿದು ಸಾಮಾನು ಸಾಗಿಸೋಣವೆಂದು ಟೇಪು, ಟಾರ್ಚು ಹಿಡಿದು ಏಣಿ ಹತ್ತಿದೆ. ಅಳತೆ ತೆಗೆಯುವ ಮೊದಲೇ ಅಟ್ಟ ಮಾತಾಡಿತು. ಅದೂ ಕನ್ನಡದಲ್ಲಿ.

ನಾನು: ಕನ್ನಡ ಎಲ್ಲಿ ಕಲಿತಿರಿ?

ಅಟ್ಟ: ಕಲಿಯೋದೇನು ಬಂತು? 12 ವರ್ಷದಿಂದ ನಿಮ್ಮ ಸಂಸಾರದ ಮಾತೆಲ್ಲ ಪೈಪು, ವೈರು ಹಾಯ್ದ ತೂತುಗಳಿಂದ ಮೇಲೆ ಬರ್ತಾ ಇದೆ. ಜೊತೆಗೆ ನೀವು ದುಡ್ಡು ಸುರಿದು ಕಾಯಿಸಿದ ಗಾಳಿ, ಒಗ್ಗರಣೆ ಘಾಟು. ನಿಮ್ಮ ಅತ್ತೆಯವರ ಬಗ್ಗೆ ನೀವು ಅಂದದ್ದೂ ಗೊತ್ತು.

ನಾನು: (ಗಡಿಬಿಡಿಯಲ್ಲಿ) ಇಲ್ಲಿ ತುಂಬಾ ಚಳಿ. ಒಂದು ಹೀಟರ್ ಹಾಕಿಸಲೇ?

ಅಟ್ಟ: ಬೇಡ ಮಾರಾಯ್ರೆ! ನಾನು ತಣ್ಣಗಿದ್ದರೇನೇ ಮನೆಗೆ ಕ್ಷೇಮ. ಕಂಬಳಿ ಬೇಕಿರೋದು ನನಗಲ್ಲ, ನಿಮ್ಮ ಸೀಲಿಂಗಿಗೆ. ನಾನು ಬೆಚ್ಚಗಾದರೆ ಮಾಡಿನ ಹಿಮ ಕರಗುತ್ತೆ. ಆ ನೀರು ಸೂರಿನಂಚಿಗೆ ಇಳಿದು ಮತ್ತೆ ಗಡ್ಡೆ ಕಟ್ಟುತ್ತೆ. ಅದರ ಹಿಂದೆ ನಿಂತ ನೀರು ಸಂದಿ ಹುಡುಕಿ ಒಳಗಿಳಿಯುತ್ತೆ. ಹೋದ ವರ್ಷ ಸೂರಿನಿಂದ ಮಂಜಿನ ಕೋಲು ಇಳಿಬಿದ್ದಾಗ ಮುಂದೆ ನಿಂತು ಸೆಲ್ಫಿ ತೆಗೆದು ಊರಿಗೆ ಕಳಿಸಿದ್ರಲ್ಲ, ನೇತಾಡ್ತಿದ್ದದ್ದು ನಿಮ್ಮ ಗ್ಯಾಸ್ ಬಿಲ್ಲು.

ನಾನು: ಇರಲಿ, ಹಲಗೆ ವಿಷಯ ಹೇಳಿ. ತೊಲೆಗಳ ಮೇಲೆ ನೇರ ಪ್ಲೈವುಡ್ ಬಡಿದರಾಯ್ತಲ್ಲ?

ಅಟ್ಟ: ಎಲ್ಲರೂ ಮುಗ್ಗರಿಸೋದು ಇಲ್ಲೇ. ನನ್ನ ತೊಲೆ ಎತ್ತರ ಐದೂವರೆ ಇಂಚು. ಅಂಗಡಿಯವರು ಆರು ಅಂತ ಕೂಗ್ತಾರೆ, ಅದು ಬೇರೆ ಮಾತು. ಶಾಖ ತಡೆಯೋ ಶಕ್ತಿಗೆ ಇಲ್ಲಿ ಆರ್-ಮೌಲ್ಯ ಅಂತಾರೆ. ತೊಲೆಗಳ ನಡುವಿನ ಆ ಐದೂವರೆ ಇಂಚಲ್ಲಿ ಹಿಡಿಯೋ ಗ್ಲಾಸ್ ಫೈಬರ್ ಕಂಬಳಿಯದು 18ರ ಆಸುಪಾಸು. ಈ ಸೀಮೆಗೆ ಬೇಕಾದ್ದು 49ರಿಂದ 60. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಚೂರು ಕಾಗದದ ಸೆಲ್ಯುಲೋಸ್ ಸುರಿದರೂ 60 ಮುಟ್ಟೋಕೆ 16–17 ಇಂಚು ಬೇಕು.

ನಾನು: ದಪ್ಪಗೆ ಹಾಸಿ, ಮೇಲಿಂದ ಹಲಗೆ ಅದುಮಿಬಿಟ್ಟರೆ?

ಅಟ್ಟ: ರಜಾಯಿ ಮೇಲೆ ರುಬ್ಬುಗುಂಡು ಹೇರಿಕೊಂಡು ಮಲಗ್ತೀರಾ? ಬೆಚ್ಚಗಿಡೋದು ಎಳೆಯಲ್ಲ, ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅದುಮಿದರೆ ಅದೇ ಹೋಯ್ತು. ತೊಲೆಗಳಿಗೆ ಅಡ್ಡಲಾಗಿ ಇನ್ನೊಂದು ಸಾಲು ಮರ ಎತ್ತರಿಸಿ, ನಟ್ಟನಡುವೆ ಸ್ವಲ್ಪ ಜಾಗಕ್ಕಷ್ಟೇ ಹಲಗೆ ಹಾಕಿ. ಸೂರಿನ ಗಾಳಿಕಿಂಡಿ ಮುಚ್ಚಬೇಡಿ. ಭಾರ ತಡೆಯುತ್ತಾ ಅಂತ ತಿಳಿದವರನ್ನ ಮೊದಲು ಕೇಳಿ. ಎಷ್ಟೋ ಮನೆಗಳ ಟ್ರಸ್ಸು ಮಾಡಿರೋದು ಸೀಲಿಂಗ್ ಹೊರೋಕೆ, ಸಂಸಾರ ಹೊರೋಕಲ್ಲ.

ನಾನು: ಸಾಗರದ ನಮ್ಮಜ್ಜನ ಮನೆ ಅಟ್ಟಕ್ಕೆ ಇಷ್ಟೆಲ್ಲ ರಾಮಾಯಣ ಇರಲಿಲ್ಲಪ್ಪ.

ಅಟ್ಟ: ಅದರ ಪುಣ್ಯ. ಕೆಳಗೆ ಸೌದೆ ಒಲೆ. ಮೇಲೆ ಬಂದ ಹೊಗೆಯೂ ದಂಡವಾಗಲಿಲ್ಲ, ಬಿತ್ತನೆ ಬೀಜಕ್ಕೆ ಹುಳ ಹಿಡಿಯದ ಹಾಗೆ ಕಾಯ್ತು. ಮುಚ್ಚಿಗೆ ಮೇಲೆ ಬಡಿದ ಮಣ್ಣು ಬೇಸಗೆ ಝಳ ತಡೀತು. (ಅಸೂಯೆಯೋ, ಚಳಿಯೋ, ದನಿ ನಡುಗಿತು.) ನನ್ನಲ್ಲಿ ನೀವಿಡೋದು ಏನು?

ನಾನು: ಗಣಪತಿ ಮಂಟಪದ ಥರ್ಮೋಕೋಲು, ಟೀವಿಯ ಖಾಲಿ ಡಬ್ಬ, ಮೂರು ಸೂಟ್‌ಕೇಸು.

ಅಟ್ಟ: ಥರ್ಮೋಕೋಲು ನಮ್ಮ ಜಾತಿಯದೇ, ಇಂಚಿಗೆ ಸುಮಾರು 4 ಆರ್ ಇದೆ. ಬರಲಿ. ಸೂಟ್‌ಕೇಸಿನೊಳಗೆ?

ನಾನು: ಸಣ್ಣ ಸೂಟ್‌ಕೇಸು.

ಅಟ್ಟ: ಅದರೊಳಗೆ?

ನಾನು: ಇನ್ನೂ ಸಣ್ಣದು.

ಅಟ್ಟ ಬಹಳ ಹೊತ್ತು ಸುಮ್ಮನಿತ್ತು. ಅಷ್ಟರಲ್ಲಿ ಕೆಳಗೆ ಅಡುಗೆಮನೆಯಿಂದ ಪಿಸುಮಾತು: “ಪುಟ್ಟಾ, ನಿಮ್ಮಪ್ಪ ಮೇಲೆ ಯಾರ ಹತ್ರ ಮಾತಾಡ್ತಿದ್ದಾರೋ?”

ಅಟ್ಟ: ಪಿಸುಗುಟ್ಟಿದ್ದೂ ಕೇಳಿಸ್ತಲ್ಲ? ನಿಮ್ಮ ಎಡಗಾಲ ಹತ್ರ, ಆ ಪೈಪಿನ ಸುತ್ತ. ಹಲಗೆ ಆಮೇಲೆ ತನ್ನಿ, ಮೊದಲು ಅದನ್ನ ಮುಚ್ಚಿ.