ಬೋಣಿಯಾಗದೆ ಪಿಗ್ಮಿ ಇಲ್ಲ

ನಮ್ಮ ಬೀದಿಯ ಫ್ಯಾನ್ಸಿ ಸ್ಟೋರಿನಲ್ಲಿ ಬೋಣಿಯಾಗುವ ಮುಂಚೆ ಗಲ್ಲಾಪೆಟ್ಟಿಗೆಯಿಂದ ಒಂದು ಕಾಸೂ ಹೊರಗೆ ಬರುವುದಿಲ್ಲ. ಪೇಪರಿನವನಿರಲಿ, ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕ ಹಿಡಿದು ಬಂದವರಿರಲಿ, ಎಲ್ಲರಿಗೂ ಒಂದೇ ಉತ್ತರ: "ಬೋಣಿ ಆಗ್ಲಿ ಮಾರಾಯ್ರೆ." ಈ ಶಾಸ್ತ್ರದಿಂದ ಹೆಚ್ಚು ಕಷ್ಟ ಪಿಗ್ಮಿಯವರಿಗೆ. ದಿನಾ ಬಂದು ಉಳಿತಾಯದ ದುಡ್ಡು ಕಟ್ಟಿಸಿಕೊಂಡು ಒಯ್ಯುವುದೇ ಅವರ ಕೆಲಸವಲ್ಲವೆ? ಕಾದು ಸಾಕಾದ ದಿನ ತಾವೇ ಹತ್ತು ರೂಪಾಯಿಯ ಬಾಚಣಿಗೆ ಕೊಂಡು ಬೋಣಿ ಮಾಡಿಬಿಡುತ್ತಾರೆ. ಅಂಗಡಿಯವರು ನೋಟನ್ನು ಕಣ್ಣಿಗೊತ್ತಿಕೊಂಡು ಒಳಗೆ ಹಾಕಿ, ಅದೇ ಕೈಯಲ್ಲಿ ನೂರು ರೂಪಾಯಿ ಪಿಗ್ಮಿ ತೆಗೆದುಕೊಡುತ್ತಾರೆ. ಪಿಗ್ಮಿಯವರ ತಲೆಯಲ್ಲಿ ಬಾಚಲು ಕೂದಲಿಲ್ಲ ಎನ್ನುವುದು ಬೇರೆ ಮಾತು.

ಈ ಪಿಗ್ಮಿ ಹುಟ್ಟಿದ್ದು ಉಡುಪಿಯಲ್ಲಿ. ಕೈಮಗ್ಗದ ನೇಕಾರರು ಸೋತು ಕುಳಿತಿದ್ದ ಕಾಲದಲ್ಲಿ, 1925ರಲ್ಲಿ, ವ್ಯಾಪಾರಿ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿ ಎದ್ದು ಹೋಗಬೇಕು! ಆದರೆ 1928ರಲ್ಲಿ ಅವರು ಹೊಸ ಉಪಾಯ ಹೂಡಿದರು. ದಿನಕ್ಕೆ ಎರಡಾಣೆಯಾದರೂ ಸಾಕು, ನೀವು ಬರುವುದು ಬೇಡ, ನಾವೇ ಬಾಗಿಲಿಗೆ ಬರುತ್ತೇವೆ ಎಂದರು. ಇದು ಆ ಮೂವರಲ್ಲಿ ಡಾಕ್ಟರರಿಗೇ ಹೊಳೆದಿರಬೇಕೆಂದು ನನ್ನ ಊಹೆ. ರೋಗಿ ಬಾರದಿದ್ದರೆ ಮನೆಗೇ ಹೋಗಿ ನಾಡಿ ನೋಡುವ ಅಭ್ಯಾಸ ಅವರಿಗಲ್ಲದೆ ಇನ್ನಾರಿಗೆ? ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು, 1969ರಲ್ಲಿ ಸರಕಾರದ್ದಾಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಪಿಗ್ಮಿ ಮಾತ್ರ ಸಹಕಾರಿ ಸಂಘಗಳ ಕೈ ಹಿಡಿದು ಇನ್ನೂ ಬೀದಿ ಸುತ್ತುತ್ತಿದೆ.

ಲೆಕ್ಕ ಬಲ್ಲವರು ಮೂಗು ಮುರಿಯುತ್ತಾರೆ. ಒಟ್ಟಿಗೆ ಎಫ್‌ಡಿ ಇಟ್ಟರೆ ಬಡ್ಡಿ ಹೆಚ್ಚಲ್ಲವೆ ಎನ್ನುತ್ತಾರೆ. ಹೌದು, ಹೆಚ್ಚೇ. ಆದರೆ "ನಿನ್ನೆ ಯಾಕೆ ಬಾಗಿಲು ಹಾಕಿತ್ತು, ಅಮ್ಮನ ಮಂಡಿನೋವು ಹೇಗುಂಟು" ಎಂದು ಎಫ್‌ಡಿ ಕೇಳಿದ್ದನ್ನು ನಾನಂತೂ ಕಾಣೆ. ಪಿಗ್ಮಿಯವರ ಚೀಲದಲ್ಲಿ ದುಡ್ಡಿಗಿಂತ ಸುದ್ದಿಯೇ ಹೆಚ್ಚು: ಯಾರ ಮಾಳಿಗೆ ಬಾಡಿಗೆಗಿದೆ, ಯಾವ ಹೋಟೆಲಿಗೆ ಹುಡುಗ ಬೇಕು, ಯಾರ ಮಗಳಿಗೆ ವರ ಬೇಕು. ಮಶೀನು ಚೀಟಿ ಮುದ್ರಿಸುವ ಅರೆ ನಿಮಿಷದಲ್ಲಿ ಇಷ್ಟೂ ಆಚೀಚೆಯಾಗುತ್ತದೆ.

ಜೀನಸಿ ಅಂಗಡಿಯವರದು ಇನ್ನೊಂದು ಜಾಣತನ. ಮೊದಲೆಲ್ಲ ಚಿಲ್ಲರೆಯಿದ್ದರೂ ಇಲ್ಲವೆನ್ನುತ್ತಿದ್ದರು. "ಎರಡು ರೂಪಾಯಿ ಬಾಕಿ ಇರಲಿ, ನಾಳೆ ಬರ್ತೀರಲ್ಲ." ಆ ಎರಡು ರೂಪಾಯಿ ಈಚೆಗಿತ್ತೋ ಆಚೆಗಿತ್ತೋ ಎಂದು ಮರುದಿನ ಚರ್ಚೆಯಾಗಿ, ಚರ್ಚೆಯ ನಡುವೆ ಒಂದು ಕಿಲೋ ಅವಲಕ್ಕಿ ಮಾರಿ ಹೋಗುತ್ತಿತ್ತು. ಈಗ ಗಿರಾಕಿ ಫೋನಿನಲ್ಲಿ ದುಡ್ಡು ಹಾಕಿದೊಡನೆ ಪೆಟ್ಟಿಗೆಯೊಂದು ಪೈಸೆ ಸಮೇತ ಲೆಕ್ಕ ಒದರುತ್ತದೆ. "ಬಾಕಿಯೇ ಇಲ್ಲದಿದ್ದರೆ ಜನ ಯಾಕೆ ಬರಬೇಕು ಹೇಳಿ" ಎಂದು ಅವರು ನನ್ನನ್ನೇ ಕೇಳುತ್ತಾರೆ.

ನನ್ನ ತಂಗಿಯ ಮಗ ಹಲಸಿನ ಚಿಪ್ಸ್ ಮಾರಲು ಹೊರಟವನು. ವಾರಕ್ಕೊಮ್ಮೆ ಯಾವುದೋ ಹೋಟೆಲಿನಲ್ಲಿ ಉದ್ಯಮಿಗಳ ಉಪಾಹಾರ ಕೂಟಕ್ಕೆ ಹೋಗಿ ಜೇಬು ತುಂಬ ವಿಸಿಟಿಂಗ್ ಕಾರ್ಡು ತರುತ್ತಾನೆ. ಅಲ್ಲಿ ಎಲ್ಲರೂ ಮಾರಲು ಬಂದವರೇ. ಕೊಳ್ಳಲು ಬಂದವರೆಂದರೆ ಕೂಟದ ಲೆಕ್ಕದಲ್ಲಿ ಇಡ್ಲಿ ತರಿಸಿದವರು ಮಾತ್ರ. "ವ್ಯಾಪಾರಕ್ಕೆ ಮೊಮೆಂಟಮ್ ಸಿಗ್ತಿಲ್ಲ ಮಾವ" ಎಂದ. ನನಗೆ ಆ ಭೌತಶಾಸ್ತ್ರ ತಿಳಿಯದು. ಪಿಗ್ಮಿಯವರ ಕೈಗೆ ನಾಲ್ಕು ಪ್ಯಾಕೆಟ್ ಕೊಡು ಎಂದೆ.

ಅವರು ಬೀದಿಯುದ್ದಕ್ಕೂ ಒಬ್ಬೊಬ್ಬರ ಅಂಗೈಗೆ ಎರಡೆರಡು ಚಿಪ್ಸ್ ಹಾಕಿ ಬಂದು, ಹುಡುಗನೆದುರು ಕುಳಿತು ವರದಿ ಒಪ್ಪಿಸಿದರು. "ರುಚಿ ಒಳ್ಳೇದುಂಟು. ಆದ್ರೆ ಪ್ಯಾಕೆಟ್ ದೊಡ್ಡದಾಯ್ತು. ನೂರೈವತ್ತು ರೂಪಾಯಿ ಶಾಲೆ ಮಕ್ಕಳ ಕೈಯಲ್ಲಿ ಎಲ್ಲಿಂದ? ಹತ್ತು ರೂಪಾಯಿದು ಮಾಡಿ, ಸರಕ್ಕನೆ ಹೋಗ್ತದೆ."

ಸಣ್ಣ ಪ್ಯಾಕೆಟ್ಟಿಗೆ ಬೇರೆ ಮಶೀನು ಬೇಕು, ಅಷ್ಟು ದುಡ್ಡೆಲ್ಲಿದೆ ಎಂದ ಇವನು.

"ಕಾಫಿಪುಡಿ ಅಂಗಡಿಯ ಹಿಂದೆ ಒಂದು ಸೀಲಿಂಗ್ ಮಶೀನು ಸುಮ್ಮನೆ ಬಿದ್ದುಂಟು. ಅವರಿಗೆ ಹೇಳಿ ಕೊಡಿಸ್ತೇನೆ, ಕಂತಿನಲ್ಲಿ ತೀರಿಸಿದ್ರಾಯ್ತು" ಎಂದವರು ಚೀಲದಿಂದ ಅರ್ಜಿ ಫಾರಮು ತೆಗೆದರು. "ದಿನಕ್ಕೆ ಐವತ್ತರದ್ದು ಒಂದು ಪಿಗ್ಮಿ ಬರೀಲಾ?"