ಪೊಟ್ಟಣದ ಬೆನ್ನನ್ನೋದುವ ಮೇಷ್ಟ್ರು

ಬರಗೂರಿನ ಅಂಗಡಿಬೀದಿಯಲ್ಲಿ ಬೆಲೆಯನ್ನು ಚೌಕಾಶಿ ಮಾಡುವವರೂ, ತೂಕವನ್ನು ಶಂಕಿಸುವವರೂ, ಸಾಲದ ಪುಸ್ತಕದಲ್ಲಿ ತಮ್ಮ ಪುಟವೊಂದನ್ನು ಮಾತ್ರ ಓದಲೊಲ್ಲದವರೂ ಬೇಕಾದಷ್ಟು ಮಂದಿಯಿರುವರು. ಆದರೆ ಪೊಟ್ಟಣವನ್ನೆತ್ತಿಕೊಂಡೊಡನೆ ಅದರ ಮುಖವನ್ನು ನೋಡದೆ ಬೆನ್ನನ್ನು ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಇರುವೆಸಾಲಿನಂತಹ ಅಕ್ಷರಗಳನ್ನು ಹೆಚ್ಚುಕಡಮೆ ಮೂಗಿನಿಂದಲೇ ಓದುತ್ತ ನಿಲ್ಲುವವರು, ಒಂದು ಕಾಲದಲ್ಲಿ ಉತ್ತರಪತ್ರಿಕೆಗಳನ್ನು ಓದದೆಯೇ ತಿದ್ದುತ್ತಿದ್ದರೆಂಬ ಕೀರ್ತಿಯುಳ್ಳ ನಮ್ಮ ನಿವೃತ್ತ ಮೇಷ್ಟ್ರೊಬ್ಬರೇ.

ಈ ವಿದ್ಯೆ ಅವರಿಗೆ ಪ್ರಾಪ್ತವಾದುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿರುವ ಮಗನ ದೆಸೆಯಿಂದ. ಅಲ್ಲಿ ಹಿತ್ತಲ ಹುಲ್ಲನ್ನು ಕತ್ತರಿಸುವಾಗ ಲೋನ್ ಸ್ಟಾರ್ ಎಂಬ ಜಾತಿಯ ಉಣುಗು ಕಚ್ಚಿದ್ದೇ ನೆಪವಾಗಿ, ಆತನ ದೇಹವು ಕುರಿ, ದನ, ಹಂದಿಗಳ ಮಾಂಸದಲ್ಲಿರುವ, ಕೋಳಿ ಮೀನುಗಳಲ್ಲಿಲ್ಲದ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯೊಡನೆ ಹಗೆ ಕಟ್ಟಿಕೊಂಡಿತು. ತಿಂದ 2ರಿಂದ 6 ಗಂಟೆಗಳ ತರುವಾಯ, ಉಂಡವನು ಸುಖನಿದ್ರೆಯಲ್ಲಿರುವಾಗ ಮೈಯೆಲ್ಲ ದದ್ದೇಳುವುದು. ಕೆಲವೊಮ್ಮೆ ಉಸಿರಿಗೇ ಸಂಚಕಾರ. ಶಿರಾ ಸೀಮೆಯ ಕುರಿಗಳ ಮೈಯಿಂದ ಉಣುಗು ಕೀಳುತ್ತಲೇ ಬೆಳೆದು, ಬಾಡೂಟವೆಂದರೆ ಮೂರು ಊರಾಚೆಗೂ ನಡೆಯುತ್ತಿದ್ದ ಹುಡುಗನಿಗೆ, ಆ ಕುಲದ ಅಮೆರಿಕದ ಶಾಖೆಯು ಮುಯ್ಯಿ ತೀರಿಸಿತೆಂದು ಊರಿನವರ ತೀರ್ಮಾನ.

ಮಗನು ರಜಕ್ಕೆ ಬರುವನೆಂಬ ಸುದ್ದಿ ಹಬ್ಬಿದೊಡನೆ ಶೆಟ್ಟರ ಅಂಗಡಿಯಲ್ಲಿ ವಿಚಾರಣೆ ಆರಂಭವಾಗುವುದು.

“ಹಸಿರು ಚುಕ್ಕೆ ಐತಲ್ಲ ಮೇಷ್ಟ್ರೇ, ಇನ್ನೇನು ಅನುಮಾನ?”

“ಆ ಚುಕ್ಕೆ ಮಡಿವಂತರಿಗೆ ಕಣ್ರೀ ಶೆಟ್ಟರೇ, ನನ್ನ ಮಗನಿಗಲ್ಲ.”

ಮಾತು ಒರಟಾದರೂ ಸುಳ್ಳಲ್ಲ. 2001ರಲ್ಲಿ ಬಂದ ಆ ಗುರುತಿನ ಶಾಸ್ತ್ರದಲ್ಲಿ ಹಾಲು ಸಸ್ಯಾಹಾರದ ಪಂಕ್ತಿಯಲ್ಲಿಯೇ ಕುಳಿತಿದೆ. ಈ ರೋಗಿಗಳಲ್ಲಿ ಕೆಲವರಿಗಾದರೋ ಹಾಲೂ ಒಗ್ಗದು. 2020ರ ನಿಯಮಾವಳಿಯು ಮಾಂಸಾಹಾರಕ್ಕೆ ವಿಧಿಸಿದ ಕಂದು ತ್ರಿಕೋನಕ್ಕೆ ಮೊಟ್ಟೆಯೂ ಒಂದೇ, ಮಟನ್ನೂ ಒಂದೇ. ಅಲರ್ಜಿಕಾರಕಗಳನ್ನು ಹೇಳಲೇಬೇಕೆಂಬ ಪಟ್ಟಿಯಲ್ಲಿ ಹಾಲು, ಮೊಟ್ಟೆ, ಮೀನು, ಕಡಲೆಕಾಯಿಗಳುಂಟು. ಕುರಿಗೆ ಅಲ್ಲಿ ಸ್ಥಾನವಿಲ್ಲ. ಹೀಗಾಗಿ ತ್ರಿಕೋನವಿರುವ, ಹಾಲುಬೆಣ್ಣೆ ಹಾಕದ ಮೊಟ್ಟೆಯ ಕೇಕು ಮಗನಿಗೆ ನಿರಪಾಯವಾಗಿ, ಹಸಿರು ಚುಕ್ಕೆಯ ಹಾಲಿನ ಪೇಡವು ಆತಂಕಕಾರಿಯಾಗುವ ವಿಪರ್ಯಾಸವನ್ನು ಮೇಷ್ಟ್ರು ವಿವರಿಸುತ್ತಿರಲು, ಹಿಂದೆ ನಿಂತ ಹುಡುಗಿಯ ಕೈಯಲ್ಲಿ ಐಸ್‌ಕ್ರೀಮ್ ಕರಗಿ ಮೊಣಕೈವರೆಗೂ ಇಳಿದಿರುತ್ತದೆ.

ಕ್ಯಾಪ್ಸೂಲಿನ ಹೊರಚಿಪ್ಪು ಸಾಮಾನ್ಯವಾಗಿ ಜಿಲೆಟಿನ್, ಅದರ ಮೂಲ ಬಹುಮಟ್ಟಿಗೆ ದನವೋ ಹಂದಿಯೋ ಎಂದರಿತ ಮೇಲಂತೂ, ಔಷಧದಂಗಡಿಯವನು ಇವರನ್ನು ದೂರದಲ್ಲಿ ಕಂಡರೆ ಊಟಕ್ಕೆ ಹೊರಡುವನು, ಸಮಯವು ಬೆಳಗಿನ ಹತ್ತಾಗಿದ್ದರೂ.

ಮೊನ್ನೆ, ತ್ರಿಕೋನವಿದ್ದ ಬಿಸ್ಕತ್ತೊಂದರಲ್ಲಿ 471 ಎಂಬ ಸಂಖ್ಯೆಯನ್ನು ಕಂಡು, ಅದು ಸಸ್ಯದೆಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದಾದ ಪದಾರ್ಥವಾದುದರಿಂದ, “ಇದರ ಮೂಲವು ಸಸ್ಯವೋ ಪ್ರಾಣಿಯೋ? ಪ್ರಾಣಿಯಾದರೆ ಮೊಟ್ಟೆಯಿಡುವುದೋ, ಮೊಲೆಯೂಡುವುದೋ?” ಎಂದು ತಯಾರಕರಿಗೆ ಅಂಚೆಯಲ್ಲಿ ಕಾಗದ ಬರೆದರು. ತಯಾರಕರು ಮೇಷ್ಟ್ರ ಅಭಿಮಾನಕ್ಕೆ ಹೃತ್ಪೂರ್ವಕ ವಂದನೆಗಳನ್ನರ್ಪಿಸಿ, ಅದೇ ಬಿಸ್ಕತ್ತಿನ ದೊಡ್ಡ ಪೊಟ್ಟಣವೊಂದನ್ನು ಉಚಿತವಾಗಿ ಕಳುಹಿಸಿದ್ದಾರೆ. ಮೇಷ್ಟ್ರು ಸದ್ಯ ಅದರ ಬೆನ್ನನ್ನು ಓದುತ್ತಿದ್ದಾರೆ. ವಂದನೆ ಬೇಡ, ಉತ್ತರವೊಂದು ಸಾಕೆಂದು ಎರಡನೆಯ ಕಾಗದದ ಕರಡೂ ಸಿದ್ಧವಾಗಿದೆ.