ನಗಬ್ಯಾಡ್ರೋ, ಫೋಟೋ ತಗೀತೀನಿ

ಇಂಥವನನ್ನು ನೀವೂ ನೋಡಿರುತ್ತೀರಿ. ಮೈಮೇಲೆ ಹದಿನಾಲ್ಕು ಜೇಬಿನ ಜಾಕೀಟು, ಅದರಲ್ಲಿ ಹನ್ನೆರಡು ಖಾಲಿ. ಕೊರಳಲ್ಲಿ ಎರಡು ಕ್ಯಾಮೆರಾ, ತಲೆಗೆ ಚೌಕಳಿ ಟವೆಲ್ಲು. ಸ್ವಂತ ಮಗನ ಶಾಲೆಯ ಗ್ಯಾದರಿಂಗಿಗೆ ಹೋಗಲು ಪುರುಸೊತ್ತಿಲ್ಲ. ಆರುನೂರು ಕಿಲೋಮೀಟರ್ ಆಚೆ ಬಡವರ ಮಕ್ಕಳ ಶಾಲೆ ಇದೆ ಅನ್ನಿ, ರಾತ್ರಿಯೇ ಬ್ಯಾಟರಿ ಚಾರ್ಜಿಗಿಡುತ್ತಾನೆ. ನಮ್ಮ ಹುಬ್ಬಳ್ಳಿಯಲ್ಲೂ ಒಬ್ಬನಿದ್ದಾನೆ. ಹೆಸರು ಬೇಡ, ಬಳಗದಲ್ಲಿ ಎಲ್ಲರೂ ಲೆನ್ಸಪ್ಪ ಅಂತೇವೆ.

ಹೋದ ವರ್ಷ ಗಣಪತಿ ಮುಗಿದ ಮೇಲೆ ಅವನ ಜೊತೆ ನಾನೂ ಹೊರಟೆ. ಟ್ರೈಪಾಡ್ ಹೊರಲು ಒಬ್ಬರು ಬೇಕಿತ್ತು.

ಮೊದಲು ನಾಸಿಕ. ರಾಮಕುಂಡದ ಮೆಟ್ಟಿಲ ಮೇಲೆ ಕೂತ ಸಾಧು ಕ್ಯಾಮೆರಾ ಕಂಡದ್ದೇ ತಡ, ಬೆಳಕು ಎಡಗೆನ್ನೆಗೆ ಬೀಳುವಂತೆ ತಾನೇ ತಿರುಗಿ ಕೂತ. ಬರೀ ಮುಖಕ್ಕೆ ಐವತ್ತು, ಚಿಲುಮೆ ಸಹಿತ ನೂರು. ಲೆನ್ಸಪ್ಪನಿಗೆ ಬೇಜಾರಾಯಿತು. "ಇವರೆಲ್ಲಾ ಕಮರ್ಷಿಯಲ್ ಆಗ್ಯಾರಪಾ. ಮಕ್ಕಳು ಇನ್ನೂ ಆಗಿಲ್ಲ." ಹಾಗೆನ್ನುತ್ತಲೇ 2027ರ ಕುಂಭಮೇಳಕ್ಕೆ ಲಾಡ್ಜಿನ ರೇಟು ವಿಚಾರಿಸಿಕೊಂಡ.

ಪಾಂಡವಲೇಣಿ ಗುಡ್ಡದ ಬುಡದಲ್ಲಿ ದಾದಾಸಾಹೇಬ ಫಾಳ್ಕೆಯವರ ಸ್ಮಾರಕವಿದೆ. ಅದರೆದುರು ಲೆನ್ಸಪ್ಪ ಬೂಟು ಬಿಚ್ಚಿ ಕೈಮುಗಿದ. 1870ರಲ್ಲಿ ಅಲ್ಲೇ ತ್ರ್ಯಂಬಕದಲ್ಲಿ ಹುಟ್ಟಿದ ಫಾಳ್ಕೆ, 'ರಾಜಾ ಹರಿಶ್ಚಂದ್ರ' ತೆಗೆಯುವುದಕ್ಕೆ ಎಷ್ಟೋ ವರ್ಷ ಮೊದಲು ಗುಜರಾತಿನಲ್ಲಿ ಫೋಟೋ ಸ್ಟುಡಿಯೊ ಇಟ್ಟಿದ್ದವರು. ಕ್ಯಾಮೆರಾ ಆಯುಷ್ಯ ಹೀರುತ್ತದೆ ಎಂದು ಆಗ ಜನ ಹೆದರುತ್ತಿದ್ದರಂತೆ. "ಎಂಥಾ ಅಜ್ಞಾನ!" ಅಂತ ಲೆನ್ಸಪ್ಪ ನಕ್ಕ. ಆ ಜನರಿಗಾದರೂ ಕೊನೆಗೆ ಕೈಯಲ್ಲಿ ಒಂದು ಫೋಟೋ ಉಳಿಯುತ್ತಿತ್ತು ಅನ್ನೋಣವೆಂದುಕೊಂಡೆ. ಅಷ್ಟರಲ್ಲಿ ನಾವು ತಿನ್ನಲು ಹೇಳಿದ್ದ ಮಿಸಳ ಬಂತು. ಅವನು ಐದು ಕೋನದಿಂದ ಅದರ ಫೋಟೋ ತೆಗೆಯುವಷ್ಟರಲ್ಲಿ ಆರಿಯೂ ಹೋಯಿತು.

ಒಂದು ಮಾತು ಅವನ ಪರವಾಗಿಯೂ ಹೇಳಬೇಕು. ತ್ರ್ಯಂಬಕೇಶ್ವರ ತಾಲೂಕಿನ ಶೇಂದ್ರಿಪಾಡಾದಲ್ಲಿ ಹೆಂಗಸರು ನೀರಿಗಾಗಿ ಮರದ ದಿಮ್ಮಿಯ ಮೇಲೆ ಕೊಳ್ಳ ದಾಟುವ ಫೋಟೋ ಎಲ್ಲೆಡೆ ಬಂದು, 2022ರ ಜನವರಿಯಲ್ಲಿ ಅಲ್ಲಿಗೆ ಕಬ್ಬಿಣದ ಸೇತುವೆ ಬಂತು. ನಿಜ. ಆದರೆ ಆ ಫೋಟೋ ಲೆನ್ಸಪ್ಪನದಲ್ಲ. ಆದರೂ ಆ ಕಥೆಯನ್ನು ಅವನು ದಿನಕ್ಕೆ ಮೂರು ಸಲ ನೆನಪಿಸುತ್ತಾನೆ, ಸೇತುವೆಗೆ ತಾನೇ ಮೊಳೆ ಹೊಡೆದವನ ಹಾಗೆ.

ಮುಂದೆ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ. ಹೆಸರು ಉದ್ದವಾಗಿ ಕ್ಯಾಪ್ಶನ್ನಿನಲ್ಲಿ ಕೂರುವುದಿಲ್ಲ ಎಂಬುದು ಅವನ ತಕರಾರು. ವೇರೂಳದಲ್ಲಿ, ನಾವು ಎಲ್ಲೋರಾ ಅನ್ನುವಲ್ಲಿ, ಟಿಕೆಟ್ ಕಿಟಕಿಯವನಿಗೆ ಕೈಲಾಸ ದೇವಾಲಯವನ್ನು ಕೆತ್ತಿಸಿದ್ದು ನಮ್ಮ ರಾಷ್ಟ್ರಕೂಟರ ಕೃಷ್ಣನೆಂದೂ ಅವರ ಮಾನ್ಯಖೇಟ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡವೇ ಎಂದೂ ವಿವರಿಸಿದ. ಆತ ಪೂರ್ತಿ ಕೇಳಿಸಿಕೊಂಡು, "ಚಾಳೀಸ್ ರುಪಯೆ" ಅಂದ.

ಆ ಜಿಲ್ಲೆಯಲ್ಲಿ ಕನ್ನಡ ಅಂತಲೇ ಒಂದು ತಾಲೂಕಿದೆ. ಬೋರ್ಡು ಕಂಡು ಇಬ್ಬರಿಗೂ ರೋಮಾಂಚನವಾಗಿ, ಅದರಡಿ ನಿಂತು ಸೆಲ್ಫಿ ತೆಗೆದುಕೊಂಡೆವು. ಅಲ್ಲಿಂದ 52ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಬೀಡ, ಸೊಲ್ಲಾಪುರ, ವಿಜಯಪುರ ದಾಟಿ ಹುಬ್ಬಳ್ಳಿ. ಆ ಕನ್ನಡ ತಾಲೂಕಿನವರಿಗೆ ಮಾತ್ರ ಕನ್ನಡ ಬರುವುದಿಲ್ಲ.

ಆ ತಾಲೂಕಿನ ಒಂದು ಜಿಲ್ಲಾ ಪರಿಷತ್ ಶಾಲೆ ನಮ್ಮ ಗುರಿ. ಹೋಗಿ ನೋಡಿದರೆ ಲೆನ್ಸಪ್ಪನ ಮುಖ ಇಳಿಯಿತು. ಎಲ್ಲೆಲ್ಲೂ ಹಸಿರು! ಮೊಣಕಾಲೆತ್ತರ ಹತ್ತಿ, ತಲೆಯೆತ್ತರ ಮೆಕ್ಕೆಜೋಳ. ಮರಾಠವಾಡಾ ಅಂದರೆ ಬಿರಿದ ನೆಲ ಅಂತ ನಂಬಿಕೊಂಡು ಬಂದವನಿಗೆ ಮಳೆ ಕೈಕೊಟ್ಟಿತ್ತು, ಅಂದರೆ ಚೆನ್ನಾಗಿ ಆಗಿತ್ತು. ಬೋರಿಂಗಿನ ಹಿಂದೆ ಹಾಸಿಗೆಯಷ್ಟು ಅಗಲದ ಬರಡು ನೆಲ ಹುಡುಕಿ, ಮಕ್ಕಳನ್ನೆಲ್ಲ ಅದರ ಮೇಲೆ ಒತ್ತಿ ನಿಲ್ಲಿಸಿದ.

ಈ ಯಾತ್ರೆಗೆಂದು ಅವನು ಕಲಿತ ಮರಾಠಿ ಎರಡೇ ಮಾತು. "ಇಕಡೆ ಬಘಾ", "ಹಸೂ ನಕಾ". ಇತ್ತ ನೋಡಿ, ನಗಬೇಡಿ. ಮಕ್ಕಳಿಗೆ ನಗಬೇಡಿ ಅಂದರೆ ಗೊತ್ತಲ್ಲ? ಒಂದರ ಮೂಗಿನಿಂದ ಹೊರಟ ಸದ್ದು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಗುರೂಜಿಯೂ ಬಾಯಿಗೆ ಕರವಸ್ತ್ರ ಹಿಡಿದಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಫೋಟೋ ಎಂದ ಕೂಡಲೇ ಓಡಿಹೋಗಿ ಪೌಡರ್ ಬಳಿದುಕೊಂಡು ಬಂದಳು. ಇವನಿಗೆ ಕೆದರಿದ ಕೂದಲು ಬೇಕು, ಅವಳಿಗೆ ರಿಬ್ಬನ್ ಕಾಣಬೇಕು. ಕೊನೆಗೆ ಅವಳೇ ಕೇಳಿದಳು, "ಕಾಕಾ, ಹಸೂ ಕೀ ರಡೂ?" ನಗಲೋ, ಅಳಲೋ? ಹಿಂದೆ ಬಂದ ಫೋಟೋದವರು ಎರಡನ್ನೂ ಮಾಡಿಸಿದ್ದರಂತೆ. ಹೇಗೂ ಇರಲಿ ಅಂತ ಎರಡನ್ನೂ ಮಾಡಿ ತೋರಿಸಿದಳು. ಅಳು ಎಷ್ಟು ಚೆನ್ನಾಗಿತ್ತೆಂದರೆ ಲೆನ್ಸಪ್ಪ ಗಾಬರಿಯಾಗಿ ಜೇಬು ತಡಕಿ ಚಾಕಲೇಟು ಕೊಟ್ಟ.

ಆಮೇಲೆ ಅವನ ಕಣ್ಣು ಒಬ್ಬ ಪೋರನ ಮೇಲೆ ಬಿತ್ತು. ಏಳೆಂಟು ವರ್ಷ, ದೊಡ್ಡ ಕಣ್ಣು, ಗುಂಡಿ ಹೋದ ಅಂಗಿ. ಎಲ್ಲಾ ಸರಿ, ಆದರೆ ಕಾಲಲ್ಲಿ ಹೊಸಾ ನೀಲಿ ಚಪ್ಪಲಿ! ಬಿಚ್ಚು ಎಂದು ಸನ್ನೆ ಮಾಡಿದ. ಹುಡುಗ ಬಿಚ್ಚಲಿಲ್ಲ. ನಡುವೆ ಗುರೂಜಿ ಬಂದು ಹರಕು ಹಿಂದಿಯಲ್ಲಿ ಕಾರಣ ತಿಳಿಸಿದರು: ಪೋಳಾ ಹಬ್ಬಕ್ಕೆ ಅವ್ವ ಕೊಡಿಸಿದ್ದು. ಫೋಟೋದಲ್ಲಿ ಚಪ್ಪಲಿ ಕಾಣದಿದ್ದರೆ ಕಳೆದುಕೊಂಡು ಬಂದೆ ಅಂತ ಹೊಡೀತಾಳೆ. ಚೌಕಾಸಿ ನಡೆದು, ಕಡೆಗೆ ಬಿಚ್ಚಿದ. ಆದರೆ ಒಂದು ಗೇಣಿನಾಚೆ ಇಡಲಿಲ್ಲ. ಎಡಗಾಲಿನ ಪಕ್ಕಕ್ಕೇ ಜೋಡಿಸಿಟ್ಟು, ಫೋಟೋ ತೆಗೆಯುವಷ್ಟು ಹೊತ್ತೂ ಅವನ್ನೇ ಓರೆಗಣ್ಣಲ್ಲಿ ಕಾಯುತ್ತಿದ್ದ. "ಆ ಕಣ್ಣಿನ ದುಃಖ ನೋಡಪಾ!" ಅಂತ ಲೆನ್ಸಪ್ಪ ಪಿಸುಗುಟ್ಟಿದ.

ಹೊರಡುವಾಗ ಅದೇ ಪೋರ ನಮ್ಮ ಹಿಂದೆಯೇ ಬಂದು ಅಚ್ಚ ಕನ್ನಡದಲ್ಲಿ, "ಫೋಟೋ ಯಾವಾಗ ಕೊಡ್ತೀರಿ?" ಅಂದ. ಇಬ್ಬರೂ ಬೆಚ್ಚಿದೆವು. ಅವನಪ್ಪ ಅವ್ವ ಕಬ್ಬು ಕಡಿಯುವವರು. ಕೂಲಿಗೆ ಕರೆದೊಯ್ಯುವ ಮುಕಾದಮನ ಲೆಕ್ಕದಲ್ಲಿ ಗಂಡ ಹೆಂಡತಿ ಕೂಡಿ ಒಂದು ಕೋಯತಾ, ಅಂದರೆ ಒಂದು ಕುಡಗೋಲು. ದೀಪಾವಳಿ ಆಸುಪಾಸಿಗೆ ಹೊರಟರೆ ಬೇಸಿಗೆಗೇ ವಾಪಸು. ಹೋದ ಸಲ ಬೆಳಗಾವಿ ಕಡೆಯ ಫ್ಯಾಕ್ಟರಿಗೆ ಹೋಗಿದ್ದರು, ಇವನೂ ಹೋಗಿದ್ದ. ಕಬ್ಬು, ನೀರು, ಲಗೂ ಬಾ, ಯಾವಾಗ ಕೊಡ್ತೀರಿ: ಅವನಿಗೆ ಬರುವ ಕನ್ನಡ ಅಷ್ಟು. ಕೊನೆಯದನ್ನು ಅವನಪ್ಪ ಪಗಾರ ಕೇಳುವಾಗ ಕಲಿತದ್ದಂತೆ.

ಗುರೂಜಿ ಶೇರೆ ಬುಕ್ ತಂದರು, ನಮ್ಮ ಕಡೆ ಇನ್‌ಸ್ಪೆಕ್ಟರ್ ಸಾಹೇಬರು ಶರಾ ಬರೆಯುವ ಪುಸ್ತಕವಿದ್ದಂತೆ. ಅದರ ಹಿಂದಿನ ಪುಟಗಳನ್ನು ಫೋಟೋದವರಿಗಾಗಿಯೇ ಬಿಟ್ಟಿದ್ದರು. ಮರಾಠಿ, ಹಿಂದಿ, ಇಂಗ್ಲಿಷು, ಯಾವುದೋ ಓದಲಾಗದ ಲಿಪಿ, ಎಲ್ಲದರಲ್ಲೂ ಫೋಟೋ ಕಳಿಸುವ ಭರವಸೆ. ಒಂದೂ ಬಂದಿಲ್ಲ ಎಂಬುದನ್ನು ಗುರೂಜಿ ಬಾಯಿಬಿಟ್ಟು ಹೇಳಲಿಲ್ಲ, ಪೆನ್ನು ಕೊಟ್ಟರು. ಲೆನ್ಸಪ್ಪ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿ, ಫೋನ್ ನಂಬರನ್ನೂ ಹಾಕಿದ. ಸಹಿ ಅವನದು. ನಂಬರು ನನ್ನದು ಎಂದು ಗೊತ್ತಾದದ್ದು ಊರಿಗೆ ಬಂದ ಮೇಲೆ, "ನಮಸ್ಕಾರ್ ಸರ್, ಫೋಟೋ?" ಎಂದು ಮೊದಲ ವಾಟ್ಸಾಪ್ ಬಂದಾಗ.

ಧಾರವಾಡದಲ್ಲಿ ಪ್ರದರ್ಶನವಾಯಿತು. ಮೂರು ಅಡಿ ಎತ್ತರದಲ್ಲಿ ಆ ಪೋರ, ಕೆಳಗೆ 'ಬರಿಗಾಲಿನ ಬಾಲ್ಯ' ಎಂಬ ಚೀಟಿ. ಹತ್ತಿರ ಹೋಗಿ ನೋಡಿದೆ. ಎಡಗಾಲಿನ ಕಿರುಬೆರಳಿಗೆ ಸರಿಯಾಗಿ ಚಿತ್ರ ಕತ್ತರಿಸಿತ್ತು. ನನ್ನ ಪಕ್ಕ ನಿಂತಿದ್ದ ಅಮ್ಮನೊಬ್ಬರು ಕಣ್ಣೊರೆಸಿಕೊಂಡರು. ಮಕ್ಕಳಿಗೆ ಪ್ರಿಂಟು ಕಳಿಸಿದೆಯೇನೋ ಅಂದರೆ, "ಇನ್ನೂ ಎಡಿಟಿಂಗ್ ಆಗಬೇಕಪಾ" ಅಂದ ಲೆನ್ಸಪ್ಪ.

ವಾಟ್ಸಾಪು ಪ್ರತಿ ರವಿವಾರ ಬರುತ್ತಲೇ ಇತ್ತು. ದೀಪಾವಳಿ ಹತ್ತಿರವಾಯಿತು, ಪೋರ ಮತ್ತೆ ಕಬ್ಬಿಗೆ ಹೊರಟುಬಿಡುತ್ತಾನೆ. ಲೆನ್ಸಪ್ಪನ ಕೈಕಾಲು ಹಿಡಿದು ಮೂಲ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ನಮ್ಮ ಓಣಿಯ ಸ್ಟುಡಿಯೊಕ್ಕೆ ಹೋದೆ. ಹುಡುಗ ಕಂಪ್ಯೂಟರಿನಲ್ಲಿ ಒಂದೊಂದೇ ಫೋಟೋ ತೆರೆಯುತ್ತಾ ಬಂದು ಒಂದೆಡೆ ನಿಂತ.

"ಸರ್ರ, ಇದರಾಗ ಮೂಲ್ಯಾಗ ಚಪ್ಪಲಿ ಬಂದಾವ್ರಿ. ಕಟ್ ಮಾಡ್ಲ್ಯಾ?"

"ಬ್ಯಾಡೋ ಮಾರಾಯಾ," ಅಂದೆ. "ಅವರವ್ವ ನೋಡಬೇಕು."